ಮತ್ಸ್ಯ ಸಾಬೂನು

ಬಿಸಿನೀರಿನಲ್ಲಿ ಕರಗುವ ಮೀನೆಣ್ಣೆ ಸೋಪಿನ ವಾಸನೆ ನನಗೆ ಇಂದಿಗೂ ಇಷ್ಟ. ಹೀಗೆಂದರೆ ಮೊಮ್ಮಕ್ಕಳು ನಗುತ್ತವೆ. ಈರುಳ್ಳಿ ಕೂಡ ಹೊಸ್ತಿಲು ದಾಟದ ಮನೆಯಲ್ಲಿ ಬೆಳೆದವಳಿಗೆ ಮೀನಿನ ವಾಸನೆ ಎಲ್ಲಿಂದ ಬಂತು ಎಂದು ಕೇಳುತ್ತವೆ. ಆ ವಾಸನೆ ಮೂಗಿಗೆ ಬಿದ್ದರೆ ಸಾಕು, ಯಶವಂತಪುರದ ನಮ್ಮ ಮನೆಯ ಕಾಂಪೌಂಡು, ಏಪ್ರಿಲ್ ತಿಂಗಳ ಬಿಸಿಲು, ಸೆರಗನ್ನು ಮೂಗಿಗೆ ಸುತ್ತಿಕೊಂಡು ದಾಸವಾಳದ ಗಿಡಕ್ಕೆ ಸ್ನಾನ ಮಾಡಿಸುತ್ತಿರುವ ಗೋದತ್ತೆ, ಎಲ್ಲವೂ ಅದರ ಹಿಂದೆಯೇ ಬರುತ್ತವೆ.

ಗೋದತ್ತೆ ನಮ್ಮಪ್ಪನ ಕಿರಿಯ ತಂಗಿ. ಐವತ್ತೆಂಟನೇ ಇಸವಿಯ ಆ ಬೇಸಿಗೆಯಲ್ಲಿ ಅವಳು ಇಂಟರ್‌ಮೀಡಿಯೆಟ್ ಪರೀಕ್ಷೆ ಬರೆದು ಮನೆಯಲ್ಲಿದ್ದಳು. ನನಗಾಗ ಒಂಬತ್ತು ವರ್ಷ. ಅವಳಿಗೆ ಬಾಟನಿ ತೆಗೆದುಕೊಂಡು ಬಿ.ಎಸ್ಸಿ. ಓದುವ ಆಸೆ. ಅಪ್ಪನಿಗೂ ಓದಿಸುವ ಮನಸ್ಸು. ಆದರೆ ಮನೆಯಲ್ಲಿ ಕೊನೆಯ ಮಾತು ನಮ್ಮಜ್ಜಿ ಪುಟ್ಟಲಕ್ಷ್ಮಮ್ಮನವರದು. ಅಜ್ಜಿ ಆಗಲೇ ಹೇಳಿಬಿಟ್ಟಿದ್ದರು: "ಇಂಟರ್ ಆಯ್ತಲ್ಲ, ಸಾಕು. ಇನ್ನೂ ಓದಿ ಏನು ಎಲೆ ಎಣಿಸ್ತಾಳಾ?"

ಅಜ್ಜಿಯ ಪ್ರಾಣವೆಲ್ಲ ಒಂದು ದಾಸವಾಳದ ಗಿಡದಲ್ಲಿತ್ತು. ಕಾಂಪೌಂಡ್ ಗೋಡೆಯ ಒಳಗೆ ಕೆಂಪು ದಾಸವಾಳ, ಮುದ್ದೆ ದಾಸವಾಳ, ನಂದಬಟ್ಟಲು ಸಾಲಾಗಿ ಇದ್ದವು. ಅವುಗಳ ನಡುವೆ ಗಂಧದ ಬಣ್ಣದ ಈ ದಾಸವಾಳ. ತೇದ ಗಂಧಕ್ಕೆ ಕುಂಕುಮದ ಬೆರಳು ಸೋಕಿದ ಹಾಗೆ ಹೂವಿನ ನಡುವೆ ಮಾತ್ರ ಕೆಂಪು. ಅಜ್ಜಿ ಮದುವೆಯಾಗಿ ಬರುವಾಗ ಕಡಬದ ತವರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಕಡ್ಡಿಯ ಸಂತಾನ ಅದು. ಮನೆ ಬದಲಾದಾಗಲೆಲ್ಲ ಪಾತ್ರೆ ಪಡಗಕ್ಕಿಂತ ಮೊದಲು ಅದರ ಕಡ್ಡಿ ಹೊಸ ಮನೆ ಸೇರುತ್ತಿತ್ತು. ಬೆಳಿಗ್ಗೆ ಅದರ ಹೂವೊಂದು ದೇವರ ಮನೆಯ ಪೆರುಮಾಳ್ ಪಾದಕ್ಕೆ ಏರಿದ ಮೇಲೆಯೇ ಅಜ್ಜಿಗೆ ಕಾಫಿ.

ಆ ವರ್ಷ ಯುಗಾದಿ ಕಳೆಯುತ್ತಿದ್ದ ಹಾಗೆ ಗಿಡ ಸೊರಗತೊಡಗಿತು. ಚಿಗುರೆಲ್ಲ ಮುದುಡಿ ಗಂಟುಗಂಟಾಯಿತು. ಮೊಗ್ಗು ಅರಳುವ ಮೊದಲೇ ಉದುರುತ್ತಿತ್ತು. ಕಡ್ಡಿಗಳ ಸಂದಿಯಲ್ಲಿ ಹತ್ತಿಯ ಹಾಗೆ ಬಿಳಿ.

"ಜಯಸಿಂಹ, ನಾಮದ ಕೈ ಇಲ್ಲಿ ಯಾಕೋ ತೊಳೆದೆ?" ಎಂದು ಅಜ್ಜಿ ಅಪ್ಪನನ್ನು ಗದರಿದರು. "ಗಿಡದ ಮೇಲೆಲ್ಲ ಬೆಳ್ಳಗೆ ಬಿದ್ದಿದೆ ನೋಡು."

"ನಾನು ಆ ಕಡೆ ಹೋಗೇ ಇಲ್ಲಮ್ಮ."

ಗೋದತ್ತೆ ಬಂದು ಎಲೆ ತಿರುಗಿಸಿ ನೋಡಿದಳು. ಉಗುರಿನಿಂದ ಬಿಳಿಯನ್ನು ಸವರಿದಳು. ಅದು ಮೆಲ್ಲಗೆ ಕಾಲಾಡಿಸಿತು.

"ನಾಮ ಅಲ್ಲಮ್ಮ ಇದು. ತಿಗಣೆ! ಹಿಟ್ಟು ತಿಗಣೆ!"

ಒಳಗೆ ಒಗ್ಗರಣೆ ಹಾಕುತ್ತಿದ್ದ ನಮ್ಮಮ್ಮನಿಗೆ ಕೇಳಿಸಿದ್ದು ತಿಗಣೆ ಎಂಬುದೊಂದೇ. ಒಗ್ಗರಣೆ ಇಳಿಸಿದವಳೇ ಮನೆಯ ಹಾಸಿಗೆ, ದಿಂಬು, ಚಾಪೆಗಳನ್ನೆಲ್ಲ ಅಂಗಳಕ್ಕೆ ಎಳೆದು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿಯತೊಡಗಿದಳು. ಪಕ್ಕದ ಮನೆಯ ಮಲ್ಕಾ ಮೋಟು ಗೋಡೆಯ ಮೇಲಿಂದ ಇಣುಕಿದರು. ಅವರ ಯಜಮಾನರು ಖಾದರ್ ಬಾಷಾ ಸ್ಟೇಷನ್ ಮುಂದೆ ಜಟಕಾ ಓಡಿಸುತ್ತಿದ್ದರು.

"ಏನ್ರಮ್ಮಾ, ಮನೆ ಖಾಲಿ ಮಾಡ್ತಿದ್ದೀರಾ? ಒಂದು ಮಾತೂ ಹೇಳ್ಲಿಲ್ಲ!"

"ಗೋದಾ ತಿಗಣೆ ಅಂದ್ಲು ಕಣ್ರೀ!"

"ಗಿಡದ್ದು ಅತ್ತಿಗೆ, ಹಾಸಿಗೇದಲ್ಲ!" ಎಂದು ಗೋದತ್ತೆ ಕೂಗುವಷ್ಟರಲ್ಲಿ ಹಾಸಿಗೆಯೊಂದರ ಹತ್ತಿ ಅರ್ಧ ಅಂಗಳಕ್ಕೆ ಹಾರಿತ್ತು. ಮಲ್ಕಾ ಗೋಡೆ ಸುತ್ತಿ ಬಂದು ಹತ್ತಿ ಆಯ್ದುಕೊಟ್ಟರು. ನಗುತ್ತಲೇ ಆಯ್ದರು, ಆದರೆ ನಮ್ಮಮ್ಮನ ಮುಖ ನೋಡದೆ ಆಯ್ದರು. ಅಮ್ಮನಿಗೆ ನಾಚಿಕೆಯಾಗದಿರಲಿ ಎಂದು ಹಾಗೆ ಮಾಡಿದ್ದು ಆಗ ನನಗೆ ತಿಳಿಯಲಿಲ್ಲ. ಈಗ ತಿಳಿಯುತ್ತದೆ.

ಅಂದು ಸಂಜೆ ಅಜ್ಜಿ ಗಿಡದ ಮುಂದೆ ಸುಮ್ಮನೆ ನಿಂತಿದ್ದರು. ಗೋದತ್ತೆ ಹತ್ತಿರ ಹೋಗಿ, "ಇದಕ್ಕೆ ಔಷಧಿ ಇದೆ ಅಮ್ಮ, ನಾನು ಓದಿದ್ದೀನಿ" ಎಂದಳು.

"ಓದಿದ್ದೀಯಲ್ಲ, ಹಾಗಾದ್ರೆ ಉಳಿಸು ನೋಡೋಣ." ಅಜ್ಜಿ ಅವಳತ್ತ ತಿರುಗಿದರು. "ಈ ಗಿಡ ಉಳಿದು ಹೂ ಬಿಟ್ರೆ ನೀನು ಕಾಲೇಜಿಗೆ ಹೋಗು. ಒಣಗಿದ್ರೆ ಪುಸ್ತಕ ಕಟ್ಟಿ ಅಟ್ಟಕ್ಕೆ ಹಾಕು. ಆಯ್ತಾ?"

ಅಪ್ಪ ಜಗಲಿಯಲ್ಲಿ ಪೇಪರ್ ಓದುತ್ತಿದ್ದವರು ಪೇಪರ್ ಇಳಿಸಿದರು. ಗೋದತ್ತೆಯ ಮುಖ ಕೆಂಪಾಯಿತು. "ಆಯ್ತು" ಎಂದಳು.

ಮರುದಿನವೇ ಕೆಲಸ ಶುರು. ಹುಳ ಮುತ್ತಿದ ಚಿಗುರುಗಳನ್ನೆಲ್ಲ ಕತ್ತರಿಸಿ ಸ್ನಾನದ ಹಂಡೆಯ ಒಲೆಗೆ ಹಾಕಿದಳು. ಬಿಂದಿಗೆಗಟ್ಟಲೆ ನೀರು ಎರಚಿದಳು. ಆ ಹುಳಗಳಾದರೋ ಮೈಮೇಲೆ ಮೇಣದ ಹಿಟ್ಟು ಬಳಿದುಕೊಂಡಿದ್ದವು, ನೀರು ಕೆಸುವಿನ ಎಲೆಯ ಮೇಲಿನಂತೆ ಜಾರಿ ಹೋಗುತ್ತಿತ್ತು. ಕೊನೆಗೆ ಅವಳು ಅಪ್ಪನ ಕಿವಿಯಲ್ಲಿ ಏನೋ ಹೇಳಿದಳು. ಅಪ್ಪ ತಮ್ಮ ಸ್ನೇಹಿತ ಸುಬ್ರಹ್ಮಣ್ಯ ಅವರಿಗೆ ಹೇಳಿಕಳಿಸಿದರು. ಅವರಿಗೆ ಹೆಬ್ಬಾಳದ ಸರ್ಕಾರಿ ಕೃಷಿ ಫಾರಂನಲ್ಲಿ ಕೆಲಸ.

ಭಾನುವಾರ ಸುಬ್ರಹ್ಮಣ್ಯ ಸೈಕಲ್ ಮೇಲೆ ಬಂದರು. ಹಿಂದಿನ ಕ್ಯಾರಿಯರ್‌ನಲ್ಲಿ ಗೋಣಿಚೀಲ ಸುತ್ತಿದ ಒಂದು ಡಬ್ಬ. ಅದನ್ನು ಜಗಲಿಯ ತುದಿಯಲ್ಲಿ, ಬಾಗಿಲಿಗೆ ಆದಷ್ಟೂ ದೂರದಲ್ಲಿ ಇಟ್ಟರು. ಅಜ್ಜಿ ಎದುರಿಗೇ ಬಂದು ನಿಂತರು.

"ಏನಪ್ಪಾ ಅದು?"

"ಗಿಡಕ್ಕೆ ಹಾಕೋ ಸಾಬೂನು, ಅಜ್ಜಿ."

"ಯಾವ ಸಾಬೂನು?"

ಸುಬ್ರಹ್ಮಣ್ಯ ಬಹಳ ಮರ್ಯಾದಸ್ಥರು. ಹಣೆಗೆ ನಾಮವಿಟ್ಟ ಮುದುಕಿಯ ಮುಂದೆ, ದೇವರ ಮನೆಯ ಗಂಟೆ ಕೇಳಿಸುವಷ್ಟು ಹತ್ತಿರ ನಿಂತು, ಮೀನು ಎಂಬ ಮಾತು ಅವರ ಬಾಯಿಂದ ಹೊರಡಲಿಲ್ಲ. ಸ್ವಲ್ಪ ಹುಡುಕಾಡಿ, "ಅದು... ಮತ್ಸ್ಯ ಸಾಬೂನು ಅಂತಾರೆ" ಎಂದರು.

ಅಜ್ಜಿಯ ಮುಖ ಅರಳಿತು. ಎರಡೂ ಕೈ ಜೋಡಿಸಿದರು. "ಎಷ್ಟು ಒಳ್ಳೆ ಹೆಸರಿಟ್ಟಿದ್ದಾರಪ್ಪ! ಸ್ವಾಮಿಯ ಮೊದಲನೇ ಅವತಾರ. ಸರ್ಕಾರದಲ್ಲೂ ದೈವಭಕ್ತರು ಇದ್ದಾರೆ ಅನ್ನು."

ಅಪ್ಪ ಪೇಪರನ್ನು ಮುಖಕ್ಕೆ ಹಿಡಿದುಕೊಂಡರು. ಪೇಪರ್ ಗಡಗಡ ನಡುಗುತ್ತಿತ್ತು. ಸುಬ್ರಹ್ಮಣ್ಯ, ಅಮ್ಮ ಕೊಟ್ಟ ಕಾಫಿಯನ್ನು ಬಿಸಿಬಿಸಿಯೇ ಗಂಟಲಿಗೆ ಸುರಿದುಕೊಂಡು ಸೈಕಲ್ ಹತ್ತಿದರು. ಗೋದತ್ತೆ ಬಾಯಿ ತೆರೆದಳು, ಅಜ್ಜಿಯ ಜೋಡಿಸಿದ ಕೈ ನೋಡಿ ಮುಚ್ಚಿದಳು.

ಈಗ ಪಾತ್ರೆಯ ಸಮಸ್ಯೆ. ಕಂದು ಬಣ್ಣದ ಅಂಟಾದ ಆ ಸೋಪನ್ನು ಬಿಸಿನೀರಿನಲ್ಲಿ ಕರಗಿಸಬೇಕು. ನಮ್ಮ ಮನೆಯ ಯಾವ ಪಾತ್ರೆಗೂ ಅದನ್ನು ಸೋಕಿಸುವ ಹಾಗಿಲ್ಲ. ಗೋದತ್ತೆ ಡಬ್ಬ ಹಿಡಿದು ಮೋಟು ಗೋಡೆಯ ಹತ್ತಿರ ಹೋದಳು.

"ಮಲ್ಕಾ ಅಕ್ಕಾ, ಒಂದು ಹಳೇ ಪಾತ್ರೆ ಇದ್ರೆ..."

ಮಲ್ಕಾ ಡಬ್ಬದ ಮುಚ್ಚಳ ತೆಗೆದವರೇ ಮೂಗು ಹಿಡಿದುಕೊಂಡರು. "ಅಯ್ಯೋ ಅಲ್ಲಾ! ನಾವು ಮೀನು ತಿನ್ನೋರು ಕಣಮ್ಮಾ, ನಮ್ಮನೇಲೇ ಈ ವಾಸನೆ ಇಲ್ವಲ್ಲ! ನೀವು ಯಾವಾಗಿಂದ ಶುರು ಮಾಡ್ಕೊಂಡ್ರಿ?"

"ಮೆಲ್ಲಗೆ ಅಕ್ಕಾ! ಅಮ್ಮಂಗೆ ಅದು ಗೊತ್ತಿಲ್ಲ."

ವಿಷಯ ತಿಳಿದು ಮಲ್ಕಾ ಗೋಡೆಗೆ ಒರಗಿ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ತಮ್ಮ ಹಿತ್ತಲಲ್ಲೇ ಮೂರು ಕಲ್ಲು ಹೂಡಿ ಕುದುರೆಯ ಹುರುಳಿ ಬೇಯಿಸುವ ಪಾತ್ರೆಯನ್ನೇ ಇಟ್ಟರು. ಸೋಪು ಕರಗಿ ಹಾಲು ಹಾಕಿದ ಚಹಾದ ಬಣ್ಣಕ್ಕೆ ಬಂತು. ವಾಸನೆ ಎದ್ದು ಇಡೀ ಬೀದಿ ಹಬ್ಬಿತು. ಖಾದರ್ ಬಾಷಾ ಅವರ ಕುದುರೆ ಹಗ್ಗ ಜಗ್ಗಿ ಕೆನೆಯಿತು.

ಬಿಸಿಲು ಇಳಿದ ಮೇಲೆ ಗೋದತ್ತೆ ಸೊಳ್ಳೆ ಔಷಧಿ ಹೊಡೆಯುವ ಕೈಪಂಪಿಗೆ ಆರಿದ ನೀರು ತುಂಬಿ ಎಲೆಗಳ ಹೊಟ್ಟೆಗೆಲ್ಲ ಹೊಡೆದಳು, ತೆಂಗಿನ ನಾರಿನಿಂದ ಕಡ್ಡಿಗಳನ್ನು ಮೆಲ್ಲಗೆ ಉಜ್ಜಿದಳು. ಹಿಟ್ಟು ಕರಗಿ ಹುಳಗಳು ಬೆತ್ತಲಾಗಿ ಉದುರಿದವು. ಅಜ್ಜಿ ಜಗಲಿಯಿಂದ ಕೇಳಿದರು:

"ಅಲ್ವೇ ಗೋದಾ, ಹೆಸರು ಅಷ್ಟು ಚೆನ್ನಾಗಿದೆ, ವಾಸನೆ ಯಾಕೆ ಹೀಗೆ?"

ಗೋದತ್ತೆ ಎಲೆಗಳೊಳಗೆ ಇನ್ನಷ್ಟು ಬಗ್ಗಿದಳು. ಗೋಡೆಯ ಆಚೆಯಿಂದ ಮಲ್ಕಾ, "ಸಮುದ್ರದಿಂದ ಬಂದಿದ್ದಲ್ವಾ ಅಜ್ಜೀ, ಅದಕ್ಕೆ" ಎಂದರು.

"ಹೌದು ನೋಡು, ಮತ್ಸ್ಯಾವತಾರ ಅಂದ್ರೆ ಸಮುದ್ರವೇ" ಎಂದು ಅಜ್ಜಿ ತಲೆದೂಗಿದರು.

ಗಿಡ ಚೇತರಿಸಿಕೊಂಡಿತು. ಹೊಸ ಚಿಗುರು ಬಂತು, ಮೊಗ್ಗೂ ಕಾಣಿಸಿತು. ಗೋದತ್ತೆ ಮನೆಯೊಳಗೆ ಹಾಡಿಕೊಂಡು ಓಡಾಡಿದಳು. ಆದರೆ ಆ ಮೊಗ್ಗು ಅರಳಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಚಿಗುರಿನ ಸಂದಿಯಲ್ಲಿ ಮತ್ತೆ ಬಿಳಿ. ವಿಚಿತ್ರವೆಂದರೆ ಪಕ್ಕದ ಕೆಂಪು ದಾಸವಾಳಕ್ಕೆ ಏನೂ ಆಗಿರಲಿಲ್ಲ. ಮತ್ತೆ ತೊಳೆದಳು. ಮತ್ತೆ ಬಂತು.

"ಮತ್ಸ್ಯ ಸಾಬೂನು ಒಳ್ಳೇದೇ ಇರ್ಬೇಕು. ಹಾಕೋ ಕೈ ಸರಿ ಇಲ್ಲ" ಎಂದರು ಅಜ್ಜಿ. ಅಟ್ಟದ ಏಣಿ ಎಲ್ಲಿದೆ ಎಂದೂ ಅಮ್ಮನನ್ನು ಕೇಳಿದರು.

ಅಂದಿನಿಂದ ಗೋದತ್ತೆ ಗಿಡದ ಪಕ್ಕ ಮಣೆ ಹಾಕಿಕೊಂಡು ಕೂರತೊಡಗಿದಳು. ಪುಸ್ತಕ ಒಳಗೇ ಬಿಟ್ಟಿದ್ದಳು. ಏನು ನೋಡುತ್ತೀಯ ಎಂದರೆ, "ಈ ಒಂದೇ ಗಿಡ ಯಾಕೆ ಅಂತ" ಎನ್ನುತ್ತಿದ್ದಳು. ನಾನೂ ಪಕ್ಕದಲ್ಲಿ ಕೂರುತ್ತಿದ್ದೆ.

ಶನಿವಾರ ಬಂತು. ಶನಿವಾರವೆಂದರೆ ನಮ್ಮ ಮನೆಯ ಪೆರುಮಾಳ್‌ಗೆ ತಿರುಮಂಜನ, ಎಂದರೆ ಹಾಲು, ಮೊಸರು, ಜೇನುತುಪ್ಪ, ಎಳನೀರಿನ ಅಭಿಷೇಕ. ಅಪ್ಪ ಅಭಿಷೇಕ ಮುಗಿಸಿದ ಮೇಲೆ ಉಳಿದ ತೀರ್ಥ ಯಾರ ಕಾಲಿಗೂ ಸಿಗಬಾರದಲ್ಲ, ಅದನ್ನು ಗಿಡದ ಬುಡಕ್ಕೆ ಹುಯ್ಯುವುದು ಅಜ್ಜಿಯ ಕೆಲಸ. ಅಜ್ಜಿ ಮಡಿಸೀರೆಯಲ್ಲಿ ಬೆಳ್ಳಿ ಬಟ್ಟಲು ಹಿಡಿದು ಬಂದರು. ಎಲ್ಲ ಗಿಡಗಳನ್ನೂ ದಾಟಿ, ತವರಿನ ಗಿಡದ ಬುಡಕ್ಕೆ ಒಂದು ಹನಿಯೂ ಚೆಲ್ಲದ ಹಾಗೆ ಹುಯ್ದು, ಕಣ್ಣಿಗೊತ್ತಿಕೊಂಡು ಹೋದರು.

ಗೋದತ್ತೆ ನನ್ನ ಮೊಣಕೈ ಹಿಡಿದು ಅದುಮಿದಳು. ಗೋಡೆಯ ಬಿರುಕಿನಿಂದ ಇರುವೆಗಳು ಹೊರಟಿದ್ದವು. ಮೊದಲು ಬುಡಕ್ಕೆ. ಅಲ್ಲಿಂದ ಕಾಂಡ ಹತ್ತಿ ಚಿಗುರಿಗೆ. ಒಂದು ಇರುವೆ ಬಾಯಲ್ಲಿ ಬಿಳಿಯ ಮರಿ ತಿಗಣೆಯೊಂದನ್ನು ಕಚ್ಚಿಕೊಂಡು, ಮಗುವನ್ನು ಶಾಲೆಗೆ ಕರೆದೊಯ್ಯುವ ಹಾಗೆ, ಮೇಲಿನ ಕೊಂಬೆಗೆ ಸಾಗುತ್ತಿತ್ತು.

"ಅಯ್ಯೋ" ಎಂದಳು ಗೋದತ್ತೆ. ಅವಳ ಮುಖದಲ್ಲಿ ಸಂತೋಷವೂ ಭಯವೂ ಒಟ್ಟಿಗೇ ಬಂದವು.

ಆ ದಿನ ಊಟವಾದ ಮೇಲೆ ಅವಳು ಅಜ್ಜಿಯ ಮುಂದೆ ಕೂತಳು. ಅಪ್ಪ ಅಲ್ಲೇ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಅಮ್ಮ, ಕೋಪ ಮಾಡ್ಕೋಬೇಡ. ಶನಿವಾರ ನೀನು ಆ ಗಿಡದ ಬುಡಕ್ಕೆ ಹುಯ್ಯೋ ನೀರಲ್ಲಿ ಹಾಲು, ಜೇನುತುಪ್ಪ ಇರುತ್ತಲ್ಲ, ಅದಕ್ಕೆ ಇರುವೆ ಬರ್ತವೆ. ಬಂದಮೇಲೆ ಹೋಗಲ್ಲ. ಆ ತಿಗಣೆ ಮೈಯಿಂದ ಸಿಹಿ ರಸ ಬರುತ್ತೆ. ಅದಕ್ಕೋಸ್ಕರ ಇರುವೆಗಳು ಅವನ್ನ ಹಸು ಸಾಕೋ ಹಾಗೆ ಸಾಕ್ತವೆ. ಹೊತ್ಕೊಂಡು ಹೋಗಿ ಹೊಸ ಚಿಗುರಲ್ಲಿ ಬಿಡ್ತವೆ. ತಿಗಣೆ ತಿನ್ನೋ ಹುಳ ಬಂದ್ರೆ ಓಡಿಸ್ತವೆ. ನಾನು ಎಷ್ಟು ತೊಳೆದ್ರೂ ಅದಕ್ಕೇ ಮತ್ತೆ ಮತ್ತೆ ಬರ್ತಿದೆ. ಆ ನೀರು ಬೇರೆ ಕಡೆ ಹುಯ್ದು, ಕಾಂಡಕ್ಕೆ ಹರಳೆಣ್ಣೆ ಬಟ್ಟೆ ಕಟ್ಟಿದ್ರೆ ಇರುವೆ ಹತ್ತಲ್ಲ."

ಅಜ್ಜಿ ನೆಟ್ಟಗೆ ಕೂತರು. "ನೀರು ಅಂತೀಯ. ತೀರ್ಥ ಅನ್ನೋಕೆ ಬಾಯಿ ಬರಲ್ವಾ?" ಎಂದರು. "ಪೆರುಮಾಳ್ ತೀರ್ಥದಿಂದ ನನ್ನ ಗಿಡ ಸಾಯ್ತಿದೆ ಅಂತ ಯಾರು ಹೇಳಿದ್ದು ನಿನಗೆ? ಆ ಹೆಬ್ಬಾಳದವರಾ?"

"ಯಾರೂ ಹೇಳ್ಲಿಲ್ಲ. ನಾನೇ ಕೂತು ನೋಡಿದೆ."

ಅಜ್ಜಿ ಏಳಲು ನೆಲಕ್ಕೆ ಕೈ ಊರಿದರು. ಗೋದತ್ತೆ ಅವರ ಸೆರಗು ಹಿಡಿದಳು.

"ಇನ್ನೂ ಒಂದಿದೆ ಅಮ್ಮ. ಆ ಸಾಬೂನು... ಮತ್ಸ್ಯ ಅಂದ್ರೆ ಅವತಾರ ಅಲ್ಲ. ಬರೀ ಮೀನು. ಮೀನೆಣ್ಣೆ ಸೋಪು ಅದು."

ಅಪ್ಪನ ಕೈಯ ಎಲೆ ಸುಣ್ಣದ ಡಬ್ಬಿಯ ಮೇಲೇ ನಿಂತಿತು.

"ಮೀನು?" ಎಂದರು ಅಜ್ಜಿ. ತಮ್ಮ ಬೆರಳುಗಳನ್ನು ನೋಡಿಕೊಂಡರು. ಎದ್ದವರೇ ಸೀದಾ ಬಚ್ಚಲಿಗೆ ಹೋದರು. ತಣ್ಣೀರಿನ ಚೊಂಬಿನ ಸದ್ದು ಬಹಳ ಹೊತ್ತು ಕೇಳಿಸುತ್ತಲೇ ಇತ್ತು.

"ಮುಗೀತು ನಿನ್ನ ಕಾಲೇಜು" ಎಂದರು ಅಪ್ಪ. "ಅದನ್ನ ಇವತ್ತೇ ಹೇಳ್ಬೇಕಿತ್ತೇನೇ?"

"ಸುಳ್ಳು ಹೇಳಿ ಗಿಡ ಉಳಿಸಿ ಓದೋಕೆ ಹೋದ್ರೆ, ಆ ಓದು ನನ್ನದಾಗುತ್ತಾ ಅಣ್ಣಯ್ಯ?" ಗೋದತ್ತೆಯ ಕಣ್ಣು ತುಂಬಿತ್ತು. ಅಪ್ಪ ತಾವು ಸುಣ್ಣ ಹಚ್ಚಿದ ಎಲೆಯನ್ನು ಮಡಿಸಿ ಅವಳ ಕೈಗಿಟ್ಟರು. ಮದುವೆಯಾಗದ ಹುಡುಗಿಯರಿಗೆ ಎಲೆ ಅಡಿಕೆ ಕೊಡದ ಮನೆ ಅದು.

ಅಜ್ಜಿ ಮಾತು ಬಿಟ್ಟರು. ಗೋದತ್ತೆ ಪುಸ್ತಕಗಳನ್ನು ತಾನೇ ಕಟ್ಟಿಟ್ಟಳು. ಹೀಗೆಯೇ ವಾರ ಕಳೆಯಿತು. ಮತ್ತೆ ಶನಿವಾರ ಬಂದಾಗ ಅಜ್ಜಿ ಬೆಳ್ಳಿ ಬಟ್ಟಲು ಹಿಡಿದು ಹೊರಗೆ ಬಂದರು. ತವರಿನ ಗಿಡದ ಮುಂದೆ ನಿಂತರು. ನಾವೆಲ್ಲ ಕಿಟಕಿಗೆ ಮುತ್ತಿಕೊಂಡಿದ್ದೆವು. ಅಜ್ಜಿ ತುಟಿಯಲ್ಲೇ ಏನೋ ಅಂದುಕೊಂಡು, ಮನೆ ಸುತ್ತಿ ಹಿತ್ತಲಿಗೆ ಹೋಗಿ ಬಾಳೆಯ ಬುಡಕ್ಕೆ ಹುಯ್ದರು.

ಸಂಜೆ ಅವರೇ ಗಿಡದ ಬುಡದಲ್ಲಿ ಕೂತಿದ್ದರು. ತಮ್ಮ ಹಳೆಯ ಸೀರೆಯ ಅಂಚು ಹರಿದು, ಹರಳೆಣ್ಣೆಯಲ್ಲಿ ಅದ್ದಿ, ಕಾಂಡಕ್ಕೆ ಸುತ್ತುತ್ತಿದ್ದರು. ಇರುವೆಗಳು ನಜ್ಜಾಗದ ಹಾಗೆ ಮೊದಲು ಬಾಯಿಂದ ಊದಿ ಸರಿಸುತ್ತಿದ್ದರು.

"ಗಿಡಕ್ಕೆ ಕಾಲು ನೋವಾ ಅಜ್ಜೀ?" ಎಂದು ಗೋಡೆಯ ಮೇಲಿಂದ ಮಲ್ಕಾ ಕೇಳಿದರು.

"ಇರುವೆ ಹತ್ತದ ಹಾಗೆ ಕಣಮ್ಮ. ಗೋದಾ ಹೇಳಿದ್ಲು."

ಒಳಗೆ ಗೋದತ್ತೆ ಅದನ್ನು ಕೇಳಿಸಿಕೊಂಡು ನನ್ನನ್ನು ಎತ್ತಿ ಸುತ್ತು ತಿರುಗಿಸಿದಳು. ನನ್ನ ಕಾಲು ಬಡಿದು ನೀರಿನ ಚೊಂಬು ಉರುಳಿತು.

ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ಯಾರ ಮುಖವನ್ನೂ ನೋಡದೆ, "ಆ ಮೀನಿನ ಸೋಪು ಇನ್ನೂ ಇದೆಯಾ?" ಎಂದರು.

ಬಡಿಸುತ್ತಿದ್ದ ನಮ್ಮಮ್ಮನ ಸೌಟು ಸಾರಿನೊಳಗೆ ಬಿತ್ತು.

"ಇದೆ ಅಮ್ಮ. ಮಲ್ಕಾ ಅಕ್ಕನ ಮನೇಲಿ."

"ಇನ್ನೊಂದ್ಸಲ ತೊಳಿ. ಅರ್ಧಕ್ಕೆ ಬಿಟ್ಟ ಔಷಧಿ ಔಷಧಿ ಅಲ್ಲ."

ಅಪ್ಪನಿಗೆ ತಡೆಯಲಾಗಲಿಲ್ಲ. "ಮೈಲಿಗೆ ಅಲ್ವೇನಮ್ಮ?"

"ವೇದ ಉಳಿಸೋಕೆ ಸ್ವಾಮಿ ಮೀನಾಗೇ ಬಂದ ಕಣೋ. ನನ್ನ ಗಿಡ ಉಳಿಸೋಕೆ ಎಣ್ಣೆಯಾಗಿ ಬಂದ. ನಿನಗೇನು ಕಷ್ಟ ಅದ್ರಿಂದ? ಸಾರು ಹಾಕಿಸ್ಕೊ."

ಇರುವೆ ದಾರಿ ಕಟ್ಟಿದ ಮೇಲೆ ಗಿಡಕ್ಕೆ ಬೇರೆ ನೆಂಟರು ಬಂದರು. ಗುಲಗಂಜಿಯ ಹಾಗೆ ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕಿಯ ಪುಟ್ಟ ಹುಳಗಳು. ಉಳಿದ ತಿಗಣೆಗಳನ್ನು ಅವು ಆರಾಮಾಗಿ ತಿಂದು ಮುಗಿಸಿದವು. ಆಮೇಲೆ ಮುಂಗಾರು ಮಳೆ ಬಂದು ತಿಗಣೆಯ ಸಿಹಿ ರಸಕ್ಕೆ ಎಲೆಗಳ ಮೇಲೆ ಕಟ್ಟಿದ್ದ ಕಪ್ಪು ಮಸಿ, ಸೋಪಿನ ವಾಸನೆ ಎರಡನ್ನೂ ತೊಳೆಯಿತು. ಜೂನ್ ತಿಂಗಳ ಒಂದು ಬೆಳಿಗ್ಗೆ ಗಂಧದ ದಾಸವಾಳ ಅರಳಿತು. ಅಜ್ಜಿ ಮೊದಲ ಹೂವನ್ನು ಪೆರುಮಾಳ್‌ಗೆ ಏರಿಸಿ, ಗಿಡದ ಒಂದು ಒಳ್ಳೆಯ ಕಡ್ಡಿ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಮೋಟು ಗೋಡೆಯ ಮೇಲಿಟ್ಟು ಮಲ್ಕಾರನ್ನು ಕೂಗಿದರು. ನನಗೆ ತಿಳಿದಂತೆ ಆ ಗಿಡದ ಕಡ್ಡಿಯನ್ನು ಅವರು ಹೊರಗಿನವರಿಗೆ ಕೊಟ್ಟದ್ದು ಅದೇ ಮೊದಲು.

ಆದರೆ ಕಾಲೇಜಿನ ಮಾತನ್ನು ಮಾತ್ರ ಅಜ್ಜಿ ಎತ್ತಲಿಲ್ಲ. ಗೋದತ್ತೆ ಪಾಸಾಗಿದ್ದಳು. ಅಪ್ಪ ಅರ್ಜಿ ಹಾಕಿ ಸೀಟೂ ಸಿಕ್ಕಿತ್ತು. "ಗಿಡ ಹೂ ಬಿಡ್ತಲ್ಲ, ಕೇಳು ಹೋಗು" ಎಂದು ನಮ್ಮಮ್ಮ ತಿವಿಯುತ್ತಿದ್ದಳು. "ತೀರ್ಥದ ವಿಷಯದಲ್ಲಿ ಅವರ ಮನಸ್ಸು ನೋಯಿಸಿದ್ದೀನಿ ಅತ್ತಿಗೆ. ಪಂದ್ಯ ಗೆದ್ದೆ ಅಂತ ಹೇಗೆ ಕೇಳಲಿ? ಅವರಾಗೇ ಹೂಂ ಅಂದ್ರೆ ಹೋಗ್ತೀನಿ" ಎನ್ನುತ್ತಿದ್ದಳು ಗೋದತ್ತೆ.

ಕಾಲೇಜು ತೆರೆಯುವ ದಿನವೂ ಬಂತು. ಗೋದತ್ತೆ ತಲೆ ಬಾಚಿಕೊಂಡು, ಹಸಿರು ಕೈಮಗ್ಗದ ಸೀರೆ ಉಟ್ಟು, ಜಗಲಿಯ ಕಂಬಕ್ಕೆ ಒರಗಿ ಕೂತಳು. ಕಟ್ಟು ಬಿಚ್ಚದ ಪುಸ್ತಕ ಒಳಗೇ ಇತ್ತು. ಅಪ್ಪ ಆಫೀಸಿಗೆ ಹೊರಟವರು ಚಪ್ಪಲಿ ಮೆಟ್ಟಿ, ಬಿಟ್ಟು, ಮತ್ತೆ ಮೆಟ್ಟುತ್ತಿದ್ದರು. ಅಜ್ಜಿ ಬೆಳಗಿನಿಂದ ಅಡುಗೆಮನೆ ಬಿಟ್ಟು ಬಂದಿರಲಿಲ್ಲ. ನಮ್ಮಮ್ಮನನ್ನೂ ಒಳಗೆ ಬಿಟ್ಟಿರಲಿಲ್ಲ. ಕೋಪವೇ ಇರಬೇಕು ಎಂದುಕೊಂಡೆವು.

ಸ್ಟೇಷನ್ ಕಡೆಯಿಂದ ರೈಲಿನ ಕೂಗು ಕೇಳಿದಾಗ ಅಜ್ಜಿ ಹೊರಗೆ ಬಂದರು. ಒಂದು ಕೈಯಲ್ಲಿ ಪುಸ್ತಕದ ಕಟ್ಟು, ಇನ್ನೊಂದರಲ್ಲಿ ಒಗೆದ ಬಿಳಿ ಬಟ್ಟೆಯ ಗಂಟು. ಬಟ್ಟೆಯ ಸಂದಿಯಲ್ಲಿ ಬಾಳೆಎಲೆಯ ಹಸಿರು ಕಾಣುತ್ತಿತ್ತು. ಶುಂಠಿ ಕೊತ್ತಂಬರಿ ಹಾಕಿದ ಮೊಸರನ್ನದ ಪರಿಮಳ ಬರುತ್ತಿತ್ತು. ಅಜ್ಜಿ ಪುಸ್ತಕವನ್ನು ಅಪ್ಪನ ಕೈಗೆ ಕೊಟ್ಟರು. ಗಂಟು ಸರಿಯಾಗಿ ಬಿಗಿದಿದೆಯೇ ಎಂದು ಒಮ್ಮೆ ಜಗ್ಗಿ ನೋಡಿ, ಗೋದತ್ತೆಯ ಎರಡೂ ಕೈಗಳನ್ನು ಹಿಡಿದು ಬೊಗಸೆ ಮಾಡಿಸಿ, ಆ ಬುತ್ತಿಯನ್ನು ಅದರಲ್ಲಿಟ್ಟರು.